ಮಲಗಿದರೆ ಹೆಚ್ಚುವ ಬೆನ್ನುನೋವು

ಬೆನ್ನುನೋವೆಂದು ಬಾಯಿಬಿಟ್ಟೊಡನೆ ಮನೆಯಲ್ಲಿ ಸಿಗುವ ಮೊದಲ ಸಲಹೆ, “ನಾಲ್ಕು ದಿನ ಅಲುಗಾಡದೆ ಮಲಗಿರು” ಎಂಬುದು. ಭಾರ ಎತ್ತಿಯೋ, ಸೊಂಟ ಉಳುಕಿಯೋ ಬಂದ ನೋವು ಕೊಂಚ ವಿಶ್ರಾಂತಿಯಿಂದ ತಗ್ಗುವುದುಂಟು. ಆದರೆ ವಿಶ್ರಾಂತಿಯಿಂದಲೇ ಹೆಚ್ಚುವ, ಓಡಾಡಿದರೆ ಇಳಿಯುವ ಬೆನ್ನುನೋವು ಇನ್ನೊಂದಿದೆ. ವೈದ್ಯರು ಅದನ್ನು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂದು ಕರೆಯುತ್ತಾರೆ. ಉರಿಯೂತದಿಂದ ಬೆನ್ನಿನ ಕೀಲುಗಳು ಕ್ರಮೇಣ ಬೆಸೆದುಕೊಳ್ಳಬಹುದಾದ ವ್ಯಾಧಿಯಿದು. ಮುಪ್ಪಿನ ಕಾಯಿಲೆಯಲ್ಲ, ಹರೆಯದಲ್ಲಿ ಆರಂಭವಾಗುವಂಥದು.

ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ತನ್ನ ಕೀಲುಗಳ ಮೇಲೆ ಎರಗುವುದು ಈ ರೋಗದ ಮೂಲ. ಬೆನ್ನೆಲುಬಿನ ಬುಡವು ಸೊಂಟದ ಎಲುಬಿಗೆ ಸೇರುವೆಡೆಯ ಎರಡು ಕೀಲುಗಳಲ್ಲಿ ಸಾಮಾನ್ಯವಾಗಿ ಮೊದಲು ಉರಿಯೂತ ತಲೆದೋರುತ್ತದೆ. ಉರಿಯೂತವಾದ ಸ್ಥಳದಲ್ಲಿ ಹೊಸ ಎಲುಬು ಬೆಳೆಯುತ್ತದೆ. ವರ್ಷಗಳು ಉರುಳಿದಂತೆ ಕೆಲವರಲ್ಲಿ ಬೆನ್ನಿನ ಮಣಿಗಳು ಒಂದಕ್ಕೊಂದು ಕೂಡಿಕೊಂಡು ಬೆನ್ನು ಬಿದಿರಿನ ಗಳದಂತೆ ಬಿಗಿಯುತ್ತದೆ. ಕ್ಷ-ಕಿರಣದ ಚಿತ್ರದಲ್ಲಿ ಕಾಣುವ ಈ ಸ್ಥಿತಿಗೆ ‘ಬಿದಿರು ಬೆನ್ನು’ ಎಂದೇ ಹೆಸರು. ಎಲ್ಲ ರೋಗಿಗಳಿಗೂ ಈ ಗತಿ ಬರುವುದಿಲ್ಲ. ಆದರೆ ಒಮ್ಮೆ ಬೆಸೆದ ಎಲುಬನ್ನು ಬಿಡಿಸುವ ಔಷಧವಿಲ್ಲ. ಬೇಗ ಗುರುತಿಸುವುದೊಂದೇ ಜಾಣತನ.

ಗುರುತಿಸುವುದು ಹೇಗೆ? ನೋವು ಸಾಮಾನ್ಯವಾಗಿ 45 ವರ್ಷಕ್ಕೆ ಮುಂಚೆ, ಇಂಥ ದಿನವೇ ಎಂದು ಹೇಳಲಾಗದಂತೆ ಮೆಲ್ಲನೆ ಆರಂಭವಾಗಿ 3 ತಿಂಗಳಿಗೂ ಮೀರಿ ಉಳಿಯುತ್ತದೆ. ರಾತ್ರಿಯ ಎರಡನೆಯ ಭಾಗದಲ್ಲಿ ನಿದ್ರೆ ಕೆಡಿಸುತ್ತದೆ. ಬೆಳಗ್ಗೆ ಎದ್ದಾಗ ಬೆನ್ನು ಮರಗಟ್ಟಿದಂತಿದ್ದು, ಬಾಗುವುದಕ್ಕೆ ಅರ್ಧ ಗಂಟೆಗೂ ಹೆಚ್ಚು ಕಾಲ ಬೇಕಾಗುತ್ತದೆ. ಕುಂಡೆಯ ನೋವು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬದಲಾಗುವುದುಂಟು. ಹಿಮ್ಮಡಿಯ ನೋವು, ಬೆಳಕನ್ನು ಸಹಿಸಲಾರದಂತೆ ಒಂದು ಕಣ್ಣು ಕೆಂಪಾಗಿ ನೋಯುವುದು ಇವೂ ಇದೇ ವ್ಯಾಧಿಯ ಸಂಗಾತಿಗಳಾಗಿರಬಹುದು. ಕಣ್ಣಿನ ತೊಂದರೆಯನ್ನಂತೂ ಒಂದು ದಿನವೂ ಅಲಕ್ಷಿಸಬಾರದು.

ಈ ಲಕ್ಷಣಗಳನ್ನು ಅರಿಯದ ಮನೆಯಲ್ಲಿ ಎಂತಹ ಅನ್ಯಾಯ ನಡೆಯುತ್ತದೆ! ಬೆಳಗ್ಗೆ ಹಾಸಿಗೆಯಿಂದ ಏಳಲು ಒದ್ದಾಡುವ ಮಗ, ಸಂಜೆ ಗೆಳೆಯರೊಡನೆ ಚೆಂಡಾಡುತ್ತಾನೆ. “ಕೆಲಸವೆಂದರೆ ನೋವು, ಆಟವೆಂದರೆ ನೋವಿಲ್ಲ” ಎಂದು ತಂದೆ ಗದರುತ್ತಾರೆ. ಆಟದಿಂದ ನೋವು ಇಳಿಯುವುದೇ ರೋಗದ ಲಕ್ಷಣವೆಂದು ಅವರಿಗೆ ತಿಳಿಯದು. ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ಇದು ಗಂಡಸರ ಕಾಯಿಲೆಯೆಂಬ ಹಳೆಯ ನಂಬಿಕೆಯಿಂದಾಗಿ ಅವರಲ್ಲಿ ರೋಗ ಪತ್ತೆಯಾಗುವುದೇ ತಡ.

ಪತ್ತೆಗೆ ವೈದ್ಯರು ಮೊದಲು ಅಳತೆಯ ಪಟ್ಟಿಯನ್ನೇ ಬಳಸುತ್ತಾರೆ. ನಿಂತಿರುವಾಗ ಸೊಂಟದಿಂದ ಮೇಲಕ್ಕೆ 10 ಸೆಂಟಿಮೀಟರ್ ಗುರುತು ಮಾಡಿ, ಮುಂದಕ್ಕೆ ಬಾಗಿದಾಗ ಅದು 15ರವರೆಗೆ ಹಿಗ್ಗುವುದೇ ಎಂದು ನೋಡುತ್ತಾರೆ. 1973ರಲ್ಲಿ ಈ ರೋಗದೊಡನೆ ನಂಟಿರುವುದಾಗಿ ತಿಳಿದುಬಂದ ಎಚ್.ಎಲ್.ಎ.-ಬಿ27 ಎಂಬ ಆನುವಂಶಿಕ ಗುರುತಿನ ರಕ್ತಪರೀಕ್ಷೆಯೂ ನೆರವಾಗುತ್ತದೆ. ಆದರೆ ಆ ಗುರುತುಳ್ಳ ಬಹುಪಾಲು ಜನರಿಗೆ ರೋಗ ಬರುವುದೇ ಇಲ್ಲ. ಅದೊಂದನ್ನೇ ನೋಡಿ ಹೆದರಬೇಕಿಲ್ಲ. ಕ್ಷ-ಕಿರಣದಲ್ಲಿ ಬದಲಾವಣೆ ಕಾಣಲು ಹಲವು ವರ್ಷ ಹಿಡಿಯಬಹುದು, ಎಂ.ಆರ್.ಐ. ಚಿತ್ರ ಉರಿಯೂತವನ್ನು ಅದಕ್ಕೂ ಮುಂಚೆಯೇ ತೋರಬಲ್ಲದು. ಜ್ವರ, ತೂಕದ ಇಳಿತ ಜೊತೆಗಿದ್ದರೆ ಬೆನ್ನೆಲುಬಿನ ಕ್ಷಯವಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕಾಲು ಸೋಲುವುದು, ಮೂತ್ರ ಹಿಡಿತ ತಪ್ಪುವುದು ಕಂಡರೆ ತಡವಿಲ್ಲದೆ ಆಸ್ಪತ್ರೆಗೆ ಹೋಗಬೇಕು.

ಇದನ್ನು ಬೆರಳುಗಳ ಸಂಧಿವಾತದೊಡನೆ ಬೆರೆಸಬಾರದು. ರುಮಟಾಯ್ಡ್ ಸಂಧಿವಾತ ಹೆಂಗಸರಲ್ಲಿ ಹೆಚ್ಚು. ಎರಡೂ ಕೈಗಳ ಗೆಣ್ಣುಗಳನ್ನು, ಮಣಿಕಟ್ಟುಗಳನ್ನು ಅದು ಒಟ್ಟಿಗೆ ಹಿಡಿಯುತ್ತದೆ. ಅದಕ್ಕೆ ಮುಖ್ಯ ಮದ್ದಾದ ಮೆಥೊಟ್ರೆಕ್ಸೇಟ್ ಬೆನ್ನಿನ ಬಿಗಿತಕ್ಕೆ ಫಲ ಕೊಡದು. ನೆರೆಮನೆಯವರ ಮಾತ್ರೆ ತಮಗೂ ಆಗುವುದೆಂದು ಬಗೆಯುವುದು ಅಪಾಯ.

ಈ ಬೆನ್ನಿಗೆ ವ್ಯಾಯಾಮವೇ ಅರ್ಧ ಚಿಕಿತ್ಸೆ. ಬೆನ್ನನ್ನು ಹಿಂದಕ್ಕೆ ಚಾಚುವುದು, ಎದೆ ತುಂಬ ಉಸಿರೆಳೆಯುವುದು, ಈಜು ಇವು ನಿತ್ಯವೂ ನಡೆಯಬೇಕು. ದಿಂಬು ತೆಳುವಾಗಿರಲಿ, ಧೂಮಪಾನ ನಿಲ್ಲಲಿ. ಮದ್ದಿನಲ್ಲಿ ನೆಪ್ರೋಕ್ಸೆನ್, ಇಂಡೊಮೆಥಸಿನ್‌ನಂಥ ಉರಿಯೂತ ತಗ್ಗಿಸುವ ಮಾತ್ರೆಗಳಿಗೆ ಮೊದಲ ಸ್ಥಾನ. ಅವು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಡುಕು ಮಾಡಬಲ್ಲವಾದ್ದರಿಂದ ವೈದ್ಯರ ಕಣ್ಣಳತೆಯಲ್ಲಿಯೇ ಸೇವಿಸಬೇಕು. ಅವು ಸಾಲದೆ ಹೋದರೆ, ಉರಿಯೂತವನ್ನು ಹಬ್ಬಿಸುವ ಟಿ.ಎನ್.ಎಫ್. ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳಿವೆ. ಅವು ದೇಹದಲ್ಲಿ ಅಡಗಿರುವ ಕ್ಷಯವನ್ನು ಕೆರಳಿಸಬಲ್ಲವು. ಮೊದಲೇ ಅದರ ಪರೀಕ್ಷೆ ಆಗಬೇಕು. ಸ್ಟೀರಾಯ್ಡ್ ಮಾತ್ರೆಗಳನ್ನು ದೀರ್ಘಕಾಲ ನುಂಗುವುದು ಬೆನ್ನಿನ ಈ ರೋಗಕ್ಕೆ ಹಿತವಲ್ಲ.

ಹರೆಯದವರು ಬೆನ್ನುನೋವೆಂದಾಗ ಮನೆಯ ಹಿರಿಯರು ಕೇಳಬೇಕಾದ ಪ್ರಶ್ನೆ ಒಂದೇ: “ಮಲಗಿದರೆ ಕಡಿಮೆಯಾಗುತ್ತದೆಯೋ, ಓಡಾಡಿದರೋ?” ಓಡಾಡಿದರೆ ಎಂಬ ಉತ್ತರ ಬಂದು, ನೋವಿಗೆ 3 ತಿಂಗಳು ಕಳೆದಿದ್ದರೆ, ಗದರಿಕೆಯನ್ನು ಬಿಟ್ಟು ಕೀಲುರೋಗ ಬಲ್ಲ ವೈದ್ಯರ ಬಳಿಗೆ ಕರೆದೊಯ್ಯಬೇಕು. ಬೆನ್ನು ಇನ್ನೂ ಬಾಗುತ್ತಿರುವಾಗಲೇ ಚಿಕಿತ್ಸೆ ಆರಂಭವಾದರೆ ಅದು ಮುಂದೆಯೂ ಬಾಗುವ ಭರವಸೆ ಹೆಚ್ಚು.