ಮನೆಯ ಲೆಕ್ಕ: ವೇಗದ ಗಾಡಿಗೆ ಎಷ್ಟು ಬೆಲೆ?

2025 ರ ಆಗಸ್ಟ್ ತಿಂಗಳ ಒಂದು ಸಾಯಂಕಾಲ ನನ್ನ ಹಳೆಯ ಮಿತ್ರರೊಬ್ಬರು ಮೈಸೂರಿನ ನಮ್ಮ ಮನೆಗೆ ದಯಮಾಡಿಸಿದರು. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಮಾತಿನಲ್ಲಿ ಮಿತ, ವೆಚ್ಚದಲ್ಲಿ ಇನ್ನೂ ಮಿತ. ಕಾಫಿಯ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊರಿನವರ ಮನೆಯ ಲೆಕ್ಕವನ್ನೆಲ್ಲ ಪತ್ರಿಕೆಯಲ್ಲಿ ನೋಡುತ್ತೀರಿ. ನಮ್ಮ ಮನೆಯದನ್ನೂ ಒಂದು ಸಲ ನೋಡಬೇಕು" ಎಂದರು.

ವಿಷಯವಿಷ್ಟು. ಅವರ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಕೈಗೆ ಬರುವ ಸಂಬಳ ತಿಂಗಳಿಗೆ 1 ಲಕ್ಷ 60 ಸಾವಿರ ರೂಪಾಯಿ. ಮನೆ ಕೊಳ್ಳುವುದಕ್ಕೆಂದು ಐದಾರು ವರ್ಷಗಳಲ್ಲಿ 20 ಲಕ್ಷ ಕೂಡಿಹಾಕಿದ್ದಾನೆ. ಈಗ ಆ ಹಣವನ್ನು ತೆಗೆದು, ಮಿಕ್ಕದ್ದನ್ನು ಸಾಲ ಮಾಡಿ, ಜರ್ಮನಿಯಿಂದ ಬರುವ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಎಂಬ ಗಾಡಿಯನ್ನು ಕೊಳ್ಳಬೇಕೆಂದು ಹಟ ತೊಟ್ಟಿದ್ದಾನೆ. 2025 ರ ಮೇ ತಿಂಗಳಲ್ಲಿ ಅದರ ಬೆಲೆ ಪ್ರಕಟವಾದಾಗ ಅಂಗಡಿಯ ಬೆಲೆಯೇ 53 ಲಕ್ಷವಿತ್ತು. ಮೊದಲ ಕಂತಿನಲ್ಲಿ ದೇಶಕ್ಕೆ ಬಂದ 150 ಗಾಡಿಗಳು, ಬೆಲೆ ಎಷ್ಟೆಂದು ತಿಳಿಯುವ ಮೊದಲೇ ಮುಂಗಡ ಕೊಟ್ಟವರ ಪಾಲಾಗಿದ್ದುವು. ಮುಂದಿನ ಕಂತಿನಲ್ಲಾದರೂ ಒಂದನ್ನು ಹಿಡಿಯಬೇಕೆಂಬುದು ಹುಡುಗನ ಆಸೆ. ಬೆಲೆಯನ್ನು ಕೇಳಿದ ತಾಯಿ, "ಅದಕ್ಕೇನು ರೆಕ್ಕೆ ಇದೆಯೆ?" ಎಂದರಂತೆ. ಗಾಡಿಯ ಪಟವನ್ನು ತೋರಿಸಿದರೆ, ಬೀದಿಯಲ್ಲಿ ನಿತ್ಯ ಕಾಣುವ ಸಣ್ಣ ಕಾರಿಗಿಂತ ಹೆಚ್ಚೇನೂ ಅವರಿಗೆ ಕಾಣಲಿಲ್ಲವಂತೆ.

"ಅವನ ದುಡಿಮೆಯ ಹಣ; ಬೇಡವೆನ್ನಲು ನಾನು ಯಾರು? ಆದರೆ ಆ ವಸ್ತು ಆ ಬೆಲೆಗೆ ತಕ್ಕದ್ದೇ ಎಂಬುದನ್ನು ನೀವು ತಿಳಿದು ಹೇಳಿ" ಎಂದು ಮಿತ್ರರು ಎದ್ದರು. ಇಂತಹ ಪ್ರಶ್ನೆ ಈಗ ಅನೇಕ ಮನೆಗಳಲ್ಲಿ ಎದ್ದಿರುವುದರಿಂದ, ನಾನು ತಿಳಿದುಕೊಂಡದ್ದನ್ನು ವಾಚಕರ ಮುಂದೆಯೂ ಇಡುತ್ತೇನೆ.

ಮೊದಲು ಗಾಡಿಯ ಜಾತಿಯನ್ನು ತಿಳಿಯಬೇಕು. ಹಿಂದಿನ ಬಾಗಿಲು ಗಾಜಿನೊಡನೆ ಮೇಲಕ್ಕೆ ತೆರೆದುಕೊಳ್ಳುವ ಗಿಡ್ಡ ಕಾರಿಗೆ ಹ್ಯಾಚ್‌ಬ್ಯಾಕ್ ಎನ್ನುತ್ತಾರೆ. ಅದೇ ಒಡಲಿಗೆ ಬಲವಾದ ಎಂಜಿನ್ನು, ಬಿಗಿಯಾದ ಸ್ಪ್ರಿಂಗುಗಳು, ಚುರುಕಾದ ಬ್ರೇಕುಗಳನ್ನು ಕೂಡಿಸಿದರೆ ಅದು ಹಾಟ್ ಹ್ಯಾಚ್ ಆಗುತ್ತದೆ. ಈ ಜಾತಿಗೆ ಹೆಸರು ತಂದುದು ಗಾಲ್ಫ್ ಜಿಟಿಐ. 1975 ರಲ್ಲಿ ಫ್ರಾಂಕ್‌ಫರ್ಟಿನ ಮೋಟಾರು ಪ್ರದರ್ಶನದಲ್ಲಿ ಅದನ್ನು ತೋರಿಸಿ, 1976 ರಲ್ಲಿ ಮಾರಾಟಕ್ಕೆ ಬಿಟ್ಟರು. 1.6 ಲೀಟರಿನ ಎಂಜಿನ್ನು, 110 ಕುದುರೆಗಳ ಬಲ, ತೂಕ ಸುಮಾರು 810 ಕಿಲೋಗ್ರಾಮ್. ತಯಾರಿಸಿದವರೇ 5,000 ಗಾಡಿಗಳು ಖರ್ಚಾದರೆ ಸಾಕೆಂದಿದ್ದರು; ಆ ಮೊದಲ ತಲೆಮಾರಿನವೇ 4 ಲಕ್ಷಕ್ಕೂ ಹೆಚ್ಚು ಮಾರಾಟವಾದುವು.

ಜನರು ಹೀಗೆ ಮುಗಿಬಿದ್ದುದು ಬರಿಯ ವೇಗಕ್ಕಾಗಿ ಅಲ್ಲ. ವೇಗದ ಗಾಡಿಗಳು ಅದಕ್ಕೆ ಮುಂಚೆಯೂ ಇದ್ದುವು. ಆದರೆ ಅವುಗಳಲ್ಲಿ ಅನೇಕವು ಇಬ್ಬರು ಕೂರುವ ಶ್ರೀಮಂತರ ಆಟಿಕೆಗಳು. ಸೋಮವಾರ ಕಚೇರಿಗೆ, ಬುಧವಾರ ತರಕಾರಿಗೆ, ಭಾನುವಾರ ಬೆಟ್ಟದ ರಸ್ತೆಗೆ ಒಂದೇ ಗಾಡಿ ಒದಗುವುದೆಂಬುದೂ, ಸಾಧಾರಣ ಸಂಸಾರವಂದಿಗನು ಸ್ವಲ್ಪ ಕೈಬಿಗಿಹಿಡಿದರೆ ಅದನ್ನು ಕೊಳ್ಳಬಹುದೆಂಬುದೂ ಜಿಟಿಐಯ ಹೊಸತನ. ಒಂದು ಗಾಡಿಯ ಬೆಲೆಗೆ ಎರಡು ಗಾಡಿಯ ಕೆಲಸ: ಇದೇ ಈ ಜಾತಿಯ ಧರ್ಮ. ಆದುದರಿಂದ ಇಂತಹ ಗಾಡಿಯನ್ನು ತೂಗುವಾಗ ನಾವು ಹೊರಗಿನ ತಕ್ಕಡಿಯನ್ನು ತರಬೇಕಾಗಿಲ್ಲ. ಅದರ ಹುಟ್ಟುಧರ್ಮವನ್ನೇ ತಕ್ಕಡಿಯಾಗಿ ಹಿಡಿಯಬಹುದು.

ನೋಡದೆ ತೀರ್ಪು ಕೊಡಬಾರದಷ್ಟೆ. ಹುಡುಗನ ಸ್ನೇಹಿತನೊಬ್ಬನಿಗೆ ಮೊದಲ ಕಂತಿನ ಗಾಡಿಯೊಂದು ದೊರೆತಿತ್ತು. ಒಂದು ಭಾನುವಾರ ಬೆಳಗ್ಗೆ ಅವರಿಬ್ಬರು ನನ್ನನ್ನೂ ಕೂರಿಸಿಕೊಂಡು ಊರ ಹೊರಗೆ ಹೋದರು. ಯಥಾರ್ಥವನ್ನು ಮರೆಮಾಚಲಾರೆ: ಅದು ಬಹಳ ಸೊಗಸಾದ ಯಂತ್ರ. 2 ಲೀಟರಿನ ಎಂಜಿನ್ನು, 265 ಕುದುರೆಗಳ ಬಲ. ಎಂಜಿನ್ನಿನಿಂದ ಹೊರಬೀಳುವ ಹೊಗೆಯೇ ಒಂದು ಚಕ್ರವನ್ನು ತಿರುಗಿಸಿ, ಆ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಕ್ಕೆ ತುಂಬುತ್ತದೆ. ಟರ್ಬೊ ಎಂದರೆ ಇದೇ. ನಿಂತಲ್ಲಿಂದ 100 ಕಿಲೋಮೀಟರ್ ವೇಗಕ್ಕೆ 5.9 ಸೆಕೆಂಡುಗಳಲ್ಲಿ ಏರುವುದೆಂದು ತಯಾರಕರು ಹೇಳುತ್ತಾರೆ. ಎದೆ ಹಿಂದಕ್ಕೆ ಒರಗಿದ ಬಗೆಯನ್ನು ನೋಡಿದರೆ ನನಗೆ ಸಂಶಯವಿಲ್ಲ. ತಿರುವಿನಲ್ಲಿ ಹೊರಗಡೆಯ ಮುಂಗಾಲಿಗೆ ಹೆಚ್ಚು ಬಲ ಹೋಗುವಂತೆ ಒಂದು ಸಾಧನವಿದೆ. ಅದರಿಂದ ಗಾಡಿಯು ದಾರಿಯ ಅಂಚಿಗೆ ಜಾರದೆ, ಬಳಪ ಹಿಡಿದು ಗೆರೆ ಎಳೆದಂತೆ ತಿರುಗಿತು. ನಾಲ್ಕು ಜನ ಸುಖವಾಗಿ ಕೂರಬಹುದು. ಹಿಂದೆ ಸಾಮಾನಿಗೂ ಸ್ಥಳವುಂಟು.

ಹಾಗಾದರೆ ಬೆಲೆ ಏಕೆ ಇಷ್ಟು? ಇಲ್ಲಿ ಗೃಹಸ್ಥರು ಗಮನಿಸಬೇಕಾದ ಸಂಗತಿಯಿದೆ. ಹೊರದೇಶದಲ್ಲಿ ಪೂರ್ತಿಯಾಗಿ ತಯಾರಾಗಿ ಬರುವ ಗಾಡಿಯ ಮೇಲೆ 2025 ರಲ್ಲಿ ಆಮದು ಸುಂಕವು ಶೇಕಡಾ 70 ಕ್ಕೆ ಕಡಿಮೆಯಿರಲಿಲ್ಲ. ಉದಾಹರಣೆಗಾಗಿ, 20 ಲಕ್ಷ ರೂಪಾಯಿಯ ಗಾಡಿಯೊಂದು ಬಂದರಿನಲ್ಲಿ ಇಳಿಯಿತೆನ್ನಿ. ಸುಂಕ 14 ಲಕ್ಷ. ಅಲ್ಲಿಗೆ 34 ಲಕ್ಷವಾಯಿತು. ಇಷ್ಟು ದೊಡ್ಡ ಎಂಜಿನ್ನಿನ ಗಾಡಿಗೆ ಆಗ ಜಿಎಸ್‌ಟಿ ಶೇಕಡಾ 28, ಅದರ ಮೇಲೆ ಸೆಸ್ ಶೇಕಡಾ 20, ಒಟ್ಟು 48. ಅದು 16 ಲಕ್ಷ 32 ಸಾವಿರ. ಮಾರುವವನ ಲಾಭ ಇನ್ನೂ ಸೇರುವ ಮೊದಲೇ 20 ಲಕ್ಷದ ವಸ್ತು 50 ಲಕ್ಷ 32 ಸಾವಿರವಾಯಿತು. ಮನೆಗೆ ತರುವಾಗ ಕರ್ನಾಟಕದಲ್ಲಿ 20 ಲಕ್ಷಕ್ಕೆ ಮೇಲ್ಪಟ್ಟ ಗಾಡಿಗೆ ಶೇಕಡಾ 18 ರಂತೆ ಜೀವಾವಧಿ ತೆರಿಗೆ ಬೇರೆ. ವಿಮೆಯೂ ಸೇರಿ ಹುಡುಗನಿಗೆ ಬೀಳುವುದು ಸುಮಾರು 65 ಲಕ್ಷ. ಇದರಲ್ಲಿ ಕಂಪೆನಿಯವರು ಮೋಸ ಮಾಡಿದರೆಂದು ಹೇಳುವಂತಿಲ್ಲ. ಸರ್ಕಾರವು ತನ್ನ ಹಕ್ಕಿನ ತೆರಿಗೆಯನ್ನೇ ತೆಗೆದುಕೊಂಡಿದೆ. ಆದರೆ ಕೊಳ್ಳುವವನು ಒಂದನ್ನು ತಿಳಿದಿರಬೇಕು: ತಾನು ಕೊಟ್ಟ ಹಣದ ಅರ್ಧಕ್ಕಿಂತ ಹೆಚ್ಚು ಭಾಗವು ಗಾಡಿಯ ಕಬ್ಬಿಣಕ್ಕೂ ಕೌಶಲಕ್ಕೂ ಹೋಗಿಲ್ಲ. ಜರ್ಮನಿಯಲ್ಲಿ ಉಪಾಧ್ಯಾಯನೊಬ್ಬನು ಕೊಳ್ಳುವ ವಸ್ತುವನ್ನು ನಾವು ಇಲ್ಲಿ ಜಮೀನ್ದಾರನ ಬೆಲೆ ತೆತ್ತು ಕೊಳ್ಳುತ್ತೇವೆ.

ಇನ್ನು ಉಪಯೋಗದ ಮಾತು. ಗಾಡಿ ಗಂಟೆಗೆ 250 ಕಿಲೋಮೀಟರ್ ಓಡಬಲ್ಲದು. 2023 ರಲ್ಲಿ ತೆರೆದ ಬೆಂಗಳೂರು–ಮೈಸೂರು ಹೆದ್ದಾರಿ ಸುಮಾರು 118 ಕಿಲೋಮೀಟರ್. ಅಲ್ಲಿ ಅನುಮತಿಯಿರುವ ವೇಗ ಹೆಚ್ಚೆಂದರೆ 100. 130 ನ್ನು ಮೀರಿದವರ ಮೇಲೆ ಮೊಕದ್ದಮೆ ಹೂಡುವುದಾಗಿ ರಾಜ್ಯದ ಪೊಲೀಸರು 2024 ರಲ್ಲಿ ಸಾರಿದರು; ದಾರಿಯುದ್ದಕ್ಕೂ ಕ್ಯಾಮೆರಾಗಳಿವೆ. ಕಾನೂನನ್ನು ಮನ್ನಿಸಿ ಹೋಗುವವನಿಗೆ 10 ಲಕ್ಷದ ಗಾಡಿಯಲ್ಲಿಯೂ 65 ಲಕ್ಷದ ಗಾಡಿಯಲ್ಲಿಯೂ ಮಗ ಅಮ್ಮನ ಬಾಗಿಲಿಗೆ ಬರುವ ಹೊತ್ತು ಒಂದೇ. ಊರೊಳಗಿನ ಮಾತು ಇನ್ನೊಂದು. ಈ ಗಾಡಿಯ ಟೈರಿನಲ್ಲಿ ಲೋಹದ ಅಂಚಿಗೂ ನೆಲಕ್ಕೂ ನಡುವೆ ಇರುವ ರಬ್ಬರಿನ ಎತ್ತರ ಸುಮಾರು 9 ಸೆಂಟಿಮೀಟರ್ ಮಾತ್ರ. ಬೆಂಗಳೂರಿನ ಮಳೆಗಾಲದ ಗುಂಡಿಗಳಿಗೆ ಅದು ಸಾಲದು. ನಾವು ಹೋದ ದಿನವೂ ಸ್ನೇಹಿತನ ಕಣ್ಣು ಮುಂದಿನ ದಾರಿಗಿಂತ ಕಾಲಡಿಯ ದಾರಿಯ ಮೇಲೆಯೇ ಹೆಚ್ಚಾಗಿತ್ತು. ವೇಗತಗ್ಗಿಸುವ ಉಬ್ಬು ಬಂದಾಗಲೆಲ್ಲ, ತುಂಬಿದ ಬಿಂದಿಗೆಯನ್ನು ಹೊತ್ತವರಂತೆ ಉಸಿರು ಬಿಗಿಹಿಡಿದು ದಾಟಿಸಿದ.

ಚುರುಕಾದ ಗಾಡಿಯಿಂದ ಸಂಸಾರಕ್ಕೆ ಪ್ರಯೋಜನವೇ ಇಲ್ಲವೆಂದು ನನ್ನ ಅಭಿಪ್ರಾಯವಲ್ಲ. ಒಂಟಿ ರಸ್ತೆಯಲ್ಲಿ ಲಾರಿಯನ್ನು ದಾಟುವಾಗ, ಹತ್ತು ಸೆಕೆಂಡು ಎದುರು ದಿಕ್ಕಿನಲ್ಲಿರುವುದಕ್ಕಿಂತ ಐದು ಸೆಕೆಂಡು ಇರುವುದು ಕ್ಷೇಮ. ಒಳ್ಳೆಯ ಬ್ರೇಕು ಮತ್ತು ಬಿಗಿಯಾದ ಹಿಡಿತ ಪ್ರಾಣರಕ್ಷಕಗಳು. ಆದರೆ ಇಷ್ಟನ್ನು ಪಡೆಯಲು ಜರ್ಮನಿಯವರೆಗೆ ಹೋಗಬೇಕಾಗಿಲ್ಲ. ಹ್ಯುಂಡೈಯವರು 2021 ರಲ್ಲಿ ಐ20 ಎನ್ ಲೈನ್ ಎಂಬ 120 ಕುದುರೆಬಲದ ಗಾಡಿಯನ್ನು 9 ಲಕ್ಷ 84 ಸಾವಿರದಿಂದ ಮೊದಲುಮಾಡಿ ಹೊರತಂದರು. ಟಾಟಾದವರು 2024 ರಲ್ಲಿ ಅಷ್ಟೇ ಬಲದ ಆಲ್ಟ್ರೋಜ್ ರೇಸರನ್ನು 9 ಲಕ್ಷ 49 ಸಾವಿರಕ್ಕೆ ತಂದರು. ಇವು ಜಿಟಿಐಗೆ ಸಮವೆಂದರೆ ನಗೆಪಾಟಲಾದೀತು. ಬಲ ಅದರ ಅರ್ಧಕ್ಕೂ ಕಡಿಮೆ. ಆದರೆ 1976 ರ ಮೂಲ ಜಿಟಿಐಯ 110 ಕುದುರೆಗಳನ್ನು ನೆನೆಯಿರಿ. ಸಾಧಾರಣ ಗಾಡಿಗಿಂತ ಸ್ವಲ್ಪ ಹೆಚ್ಚು ಕೊಟ್ಟು ಎರಡು ಗಾಡಿಯ ಕೆಲಸ ಪಡೆಯುವ ಆ ಹಳೆಯ ಧರ್ಮವನ್ನು ನಮ್ಮ ದೇಶದಲ್ಲಿ ಉಳಿಸಿಕೊಂಡಿರುವುದು ಇಂತಹ ಗಾಡಿಗಳೇ ಹೊರತು, ಅದೇ ಹೆಸರನ್ನು ಹೊತ್ತು ಬಂದ ಮೊಮ್ಮಗನಲ್ಲ.

ಅವಸರದ ವಿಷಯದಲ್ಲಿಯೂ ಒಂದು ಪಾಠವುಂಟು. ಇದೇ ಕಂಪೆನಿಯವರು 2016 ರಲ್ಲಿ ಪೋಲೋ ಜಿಟಿಐ ಎಂಬ ಗಾಡಿಯನ್ನು ಸುಮಾರು 26 ಲಕ್ಷಕ್ಕೆ ತಂದರು. ಮರುವರ್ಷವೇ ಅದರ ಬೆಲೆ 20 ಲಕ್ಷಕ್ಕೆ ಇಳಿಯಿತು. ಮುಂಚೆ ಓಡಿಹೋಗಿ ಕೊಂಡವರಿಗೆ 6 ಲಕ್ಷ ರೂಪಾಯಿಯ ನೋವು.

ಈ ಲೆಕ್ಕವನ್ನೆಲ್ಲ ಕಾಗದದ ಮೇಲೆ ಬರೆದು ಹುಡುಗನ ಮುಂದಿಟ್ಟೆ. ಕೊನೆಯ ಸಾಲನ್ನು ಅವನ ಕೈಯಿಂದಲೇ ಬರೆಸಿದೆ: 45 ಲಕ್ಷ ಸಾಲ, ಶೇಕಡಾ 9 ಬಡ್ಡಿ, ಏಳು ವರ್ಷ. ತಿಂಗಳ ಕಂತು ಸುಮಾರು 72,400 ರೂಪಾಯಿ. ಬಡ್ಡಿಯೇ 15 ಲಕ್ಷ 80 ಸಾವಿರದಷ್ಟು. ಹುಡುಗ ಸ್ವಲ್ಪ ಹೊತ್ತು ಅದನ್ನು ನೋಡಿ, ತಲೆಯೆತ್ತಿ ಹೇಳಿದ: "ಮಾಮ, ಎಲ್ಲವನ್ನೂ ಉಪಯೋಗದಿಂದಲೇ ಅಳೆಯುವುದಾದರೆ ಅಪ್ಪ ವೀಣೆಯನ್ನು ಏಕೆ ಕೊಂಡರು? ಅದರಿಂದ ಅವರಿಗೆ ಒಂದು ಕಾಸೂ ಬಂದಿಲ್ಲ. ನನಗೆ ಯಂತ್ರವೇ ಸಂಗೀತ."

ಈ ಮಾತು ನನ್ನನ್ನು ತಡೆದು ನಿಲ್ಲಿಸಿತು. ಅವನು ಹೇಳಿದುದರಲ್ಲಿ ಸತ್ಯವಿತ್ತು. ಸಂತೋಷಕ್ಕೂ ಮನೆಯ ಲೆಕ್ಕದಲ್ಲಿ ಒಂದು ಅಂಕಣವಿರಬೇಕು; ಅದಿಲ್ಲದ ಲೆಕ್ಕಪುಸ್ತಕ ಜಿಪುಣನದು. ನಾನು ಉತ್ತರ ಹುಡುಕುತ್ತಿರುವಷ್ಟರಲ್ಲಿ ಮಿತ್ರರೇ ಮೆಲ್ಲನೆ ಹೇಳಿದರು: "ಆ ವೀಣೆಗಾಗಿ ನಾನು ನಾಲ್ಕು ವರ್ಷ ಹಣ ಕೂಡಿಸಿದೆನಪ್ಪ. ಮನೆಗೆ ತಂದ ದಿನ ಅದು ಪೂರ್ತಿಯಾಗಿ ನನ್ನದಾಗಿತ್ತು. ಕಂತು ಕಟ್ಟುವ ತಾರೀಖು ನೆನಪಾಗಿ ಎಂದೂ ಶ್ರುತಿ ತಪ್ಪಲಿಲ್ಲ."

ಹುಡುಗ ಮರುಮಾತಾಡಲಿಲ್ಲ; ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ವಾಚಕರು ನನ್ನ ತೀರ್ಪನ್ನು ಕೇಳುವುದಾದರೆ ಇಷ್ಟೇ ಹೇಳಬಲ್ಲೆ. ಗಾಲ್ಫ್ ಜಿಟಿಐ ತನ್ನ ತವರಿನ ಬೆಲೆಗೆ ತಕ್ಕ ವಸ್ತು. ನಮ್ಮ ಬೆಲೆಗೆ ಅಲ್ಲ. ಕೈತುಂಬ ಹಣವಿದ್ದು, ಮನೆಮಠಗಳ ಚಿಂತೆ ತೀರಿದ್ದು, ಸಾಲವಿಲ್ಲದೆ ಕೊಳ್ಳಬಲ್ಲವನು ಸಂತೋಷಕ್ಕಾಗಿ ಅದನ್ನು ಕೊಂಡರೆ ಆಕ್ಷೇಪವಿಲ್ಲ. ಮನೆಗೆಂದು ಕೂಡಿಟ್ಟ ಗಂಟನ್ನು ಬಿಚ್ಚಿ, ಸಂಬಳದ ಅರ್ಧಕ್ಕೆ ಹತ್ತಿರವಾದುದನ್ನು ಏಳು ವರ್ಷ ಅಡವಿಟ್ಟು ಕೊಳ್ಳತಕ್ಕ ವಸ್ತು ಅದಲ್ಲ. ಚುರುಕಿನ ರುಚಿಯುಳ್ಳ ತರುಣರಿಗೆ ದೇಶದಲ್ಲೇ ತಯಾರಾಗುವ ಸಣ್ಣ ವೇಗದ ಗಾಡಿಗಳು ಸಾಕು. ನಮ್ಮ ಮಾತುಕತೆಯಾದ ಮುಂದಿನ ತಿಂಗಳಲ್ಲಿ, ಅಂದರೆ 2025 ರ ಸೆಪ್ಟೆಂಬರ್ 22 ರಿಂದ, ನಾಲ್ಕು ಮೀಟರಿಗೆ ಒಳಗಿನ, 1,200 ಸಿಸಿಗೆ ಮೀರದ ಪೆಟ್ರೋಲು ಗಾಡಿಗಳ ಜಿಎಸ್‌ಟಿ ಶೇಕಡಾ 18 ಕ್ಕೆ ಇಳಿಯಿತು. ದೊಡ್ಡವುಗಳದು 40 ಕ್ಕೆ ನಿಂತಿತು. ತಕ್ಕಡಿಯು ಸಣ್ಣ ಗಾಡಿಯ ಕಡೆಗೆ ಇನ್ನಷ್ಟು ವಾಲಿತು.

ದೀಪಾವಳಿಗೆ ಹುಡುಗ ಊರಿಗೆ ಬಂದಿದ್ದ. ಬಸ್ಸಿನಲ್ಲಿಯೇ ಬಂದಿದ್ದ. ಯಾವ ಗಾಡಿಯನ್ನೂ ಅವನು ಇನ್ನೂ ಕೊಂಡಿಲ್ಲ. ಆ 20 ಲಕ್ಷವನ್ನೂ ಮುಟ್ಟಿಲ್ಲ. ಸಂತೋಷದ ಅಂಕಣಕ್ಕೆಂದು ತಿಂಗಳಿಗೆ 25,000 ರೂಪಾಯಿಯನ್ನು ಬೇರೆಯಾಗಿ ಕೂಡಿಡಲು ತೊಡಗಿದ್ದಾನೆಂದು ಮಿತ್ರರು ತಿಳಿಸಿದರು. ಅದು ಮೂರು ನಾಲ್ಕು ವರ್ಷದಲ್ಲಿ ಯಾವ ಗಾಡಿಗೆ ಸಾಕಾಗುವುದೋ ಆ ಗಾಡಿಯನ್ನು ಅವನು ಕೊಳ್ಳಲಿ. ಅಂದು ಅದರಲ್ಲಿ ಕುಳಿತು ಬೆಟ್ಟಕ್ಕೆ ಹೋಗಿಬರಲು ನಾನಂತೂ ಸಿದ್ಧನಾಗಿದ್ದೇನೆ.