ಅಕ್ಕನ ಮುಖಕ್ಕೆ ಹಾಕಿದ ಪದರ

ಎರಡನೇ ಸೆಮಿಸ್ಟರ್‌ನಲ್ಲಿ ಕಾಲೇಜು ಫೆಸ್ಟ್‌ಗೆ ಪೋಸ್ಟರ್ ಮಾಡುವವರು ಯಾರೂ ಸಿಗದಿದ್ದಾಗ ನಾನು ಕೈ ಎತ್ತಿಬಿಟ್ಟೆ. ಫೋಟೊಶಾಪ್‌ಗೆ ಕೊಡುವಷ್ಟು ದುಡ್ಡು ಇರಲಿಲ್ಲ. ಗಿಂಪ್ ಎಂಬ ಉಚಿತ ತಂತ್ರಾಂಶ ಇಳಿಸಿಕೊಂಡೆ. ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಶುರು ಮಾಡಿದ ಪ್ರಾಜೆಕ್ಟ್ ಅದು. ನಮ್ಮಂಥ ವಿದ್ಯಾರ್ಥಿಗಳೇ ಮಾಡಿದ್ದು ಎಂದು ಗೊತ್ತಾದಾಗ ಕಲಿಯುವ ಹುಮ್ಮಸ್ಸು ಇನ್ನೂ ಹೆಚ್ಚಾಯಿತು.

ಲೇಯರ್ ಎಂದರೆ ಫೋಟೊ ಮೇಲಿಟ್ಟ ಪಾರದರ್ಶಕ ಹಾಳೆ ಎಂದುಕೊಳ್ಳಿ. ಮೇಲಿನ ಹಾಳೆಯಲ್ಲಿ ಏನೇ ಬಳಿದರೂ ಕೆಳಗಿನ ಚಿತ್ರಕ್ಕೆ ಧಕ್ಕೆಯಿಲ್ಲ. ಮೇಲಿನ ಪದರ ಕೆಳಗಿನದರ ಜೊತೆ ಹೇಗೆ ಬೆರೆಯಬೇಕು ಎಂದು ಹೇಳುವುದು ಬ್ಲೆಂಡಿಂಗ್ ಮೋಡ್. ಅದರೊಳಗೆ ಇರುವುದು ಬರೀ ಲೆಕ್ಕ. ಕಪ್ಪಿಗೆ 0, ಬಿಳುಪಿಗೆ 1 ಎಂದಿಟ್ಟುಕೊಂಡರೆ, ಮಲ್ಟಿಪ್ಲೈ ಮೋಡ್ ಎರಡೂ ಪದರಗಳ ಬೆಲೆಯನ್ನು ಗುಣಿಸುತ್ತದೆ. 0.5 ಗುಣಿಸು 0.5 ಅಂದರೆ 0.25, ಚಿತ್ರ ಕಪ್ಪಾಗುತ್ತದೆ. ಸ್ಕ್ರೀನ್ ಮೋಡ್ ಎರಡನ್ನೂ ತಿರುವುಮುರುವು ಮಾಡಿ ಗುಣಿಸಿ, ಬಂದ ಉತ್ತರವನ್ನು ಮತ್ತೆ ತಿರುಗಿಸುತ್ತದೆ. ಅದೇ 0.5 ಈಗ 0.75 ಆಗುತ್ತದೆ, ಚಿತ್ರ ಬೆಳಗುತ್ತದೆ. ಎಂ-2 ಪೇಪರ್ ಪಾಸಾಗಲು ಒದ್ದಾಡಿದ ನನಗೆ ಈ ಗಣಿತ ಮಾತ್ರ ಒಂದೇ ರಾತ್ರಿಯಲ್ಲಿ ತಲೆಗೆ ಹತ್ತಿತು.

ಮುಂಜಾನೆ ತೆಗೆದ ನಮ್ಮೂರ ಕೆರೆಯ ಫೋಟೊ ಒಂದಿತ್ತು. ಕೆನಡಾದ ಛಾಯಾಗ್ರಾಹಕ ಮೈಕೆಲ್ ಆರ್ಟನ್ 1980ರ ದಶಕದಲ್ಲಿ ಒಂದು ಸ್ಪಷ್ಟವಾದ ಸ್ಲೈಡ್ ಮೇಲೆ ಅದೇ ದೃಶ್ಯದ ಮಸುಕಾದ ಇನ್ನೊಂದು ಸ್ಲೈಡ್ ಇಟ್ಟು ಕನಸಿನಂಥ ಚಿತ್ರಗಳನ್ನು ಮಾಡಿದ್ದರು. ನಾನೂ ಅದನ್ನೇ ಪ್ರಯತ್ನಿಸಿದೆ. ಲೇಯರ್ ನಕಲು ಮಾಡಿ, ಗಾಸಿಯನ್ ಬ್ಲರ್ ಫಿಲ್ಟರ್ ಹಾಕಿ, ಸಾಫ್ಟ್ ಲೈಟ್ ಮೋಡ್‌ಗೆ ಬದಲಿಸಿದೆ. ಕೆರೆ ಏರಿಯ ಮೇಲಿನ ಮಂಜು ಹೊಳೆಯತೊಡಗಿತು. ಮನೆಯವರಿಗೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ‘ನಮ್ಮ ಕೆರೆನಾ ಇದು?’ ಎಂದು ಎಲ್ಲರೂ ಬೆರಗಾದರು.

ಅದನ್ನು ನೋಡಿದ ದೊಡ್ಡಮ್ಮ ಫೋನ್ ಮಾಡಿದರು. ‘ಕಂಪ್ಯೂಟರ್ ಓದ್ತಿದ್ದೀಯಲ್ಲಪ್ಪಾ, ನಿಮ್ಮಕ್ಕನ ಫೋಟೊ ಸ್ವಲ್ಪ ಬೆಳ್ಳಗೆ ಮಾಡಿಕೊಡು. ಬಯೋಡೇಟಾ ಕಳಿಸಬೇಕು.’ ದೊಡ್ಡಪ್ಪನ ಮಗಳಾದರೂ ನನಗೆ ಸ್ವಂತ ಅಕ್ಕನಂತೆ ಇರುವವಳು. ಎರಡು ಸಂಬಂಧ ಬಣ್ಣದ ಮಾತಿಗೇ ಮುರಿದಿದ್ದವು. ದೊಡ್ಡಮ್ಮನ ಸಂಕಟ ಗೊತ್ತಿತ್ತು. ನಕಲು ಲೇಯರ್, ಸ್ಕ್ರೀನ್ ಮೋಡ್, ಮುಖಕ್ಕೆ ಮಾತ್ರ ಮಾಸ್ಕ್, ಒಪ್ಯಾಸಿಟಿ 40. ಹತ್ತು ನಿಮಿಷದ ಕೆಲಸ.

ಗಂಡಿನ ಕಡೆಯವರು ಬಂದ ದಿನ ನಾನೂ ಅಲ್ಲೇ ಇದ್ದೆ. ಉಪ್ಪಿಟ್ಟು, ಕಾಫಿ ಆದ ಮೇಲೆ ಅವರಲ್ಲಿ ಹಿರಿಯರೊಬ್ಬರು, ‘ಫೋಟೊದಲ್ಲಿ ಬೇರೆ ಥರ ಕಾಣಿಸ್ತಿದ್ದಳಲ್ಲ’ ಎಂದರು. ಯಾರೂ ಉತ್ತರ ಕೊಡಲಿಲ್ಲ. ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಅಕ್ಕ ತಿರುಗಿಯೂ ನೋಡದೆ ಹೇಳಿದಳು: ‘ನನ್ನ ಮುಖ ಕಣೋ ಅದು. ಒಂದು ಮಾತು ನನ್ನನ್ನ ಕೇಳಬೇಕಿತ್ತು.’

ಕೆರೆಗೆ ಹಾಕಿದ ಪದರಕ್ಕೂ ಅಕ್ಕನ ಮುಖಕ್ಕೆ ಹಾಕಿದ ಪದರಕ್ಕೂ ಏನು ವ್ಯತ್ಯಾಸ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ತಂತ್ರ ಹೆಚ್ಚುಕಡಿಮೆ ಒಂದೇ. ಆದರೆ ಕೆರೆಯ ಚಿತ್ರವನ್ನು ಚಿತ್ರವೆಂದೇ ಎಲ್ಲರೂ ನೋಡಿದರು. ಬಯೋಡೇಟಾದ ಫೋಟೊ ಹಾಗಲ್ಲ. ‘ಇವಳು ಇರುವುದು ಹೀಗೆ’ ಎಂದು ಅದು ಮಾತು ಕೊಡುತ್ತದೆ. ಆ ಮಾತನ್ನು ನಾನು ಅಕ್ಕನ ಪರವಾಗಿ, ಅವಳಿಗೇ ತಿಳಿಸದೆ ಕೊಟ್ಟಿದ್ದೆ. ಸುಳ್ಳಾದಾಗ ತಲೆ ತಗ್ಗಿಸಬೇಕಾದವಳು ಮಾತ್ರ ಅವಳು. ಅದಕ್ಕಿಂತ ಹೆಚ್ಚಾಗಿ, ‘ನೀನು ಇರುವ ಬಣ್ಣ ಸಾಲದು’ ಎಂದು ಹೊರಗಿನವರು ಹೇಳುವ ಮೊದಲೇ ನಾನು ಹೇಳಿಬಿಟ್ಟಿದ್ದೆ.

ಎಡಿಟಿಂಗ್ ಬೇಡ ಎಂದು ನಾನು ಹೇಳುತ್ತಿಲ್ಲ. ಇದು ಒಳ್ಳೆಯ ವಿದ್ಯೆ, ಖರ್ಚಿಲ್ಲದೆ ಕಲಿಯಬಹುದು, ಕೆಲಸ ಹುಡುಕುವಾಗಲೂ ಕೈಹಿಡಿಯುತ್ತದೆ. ಆದರೆ ಎಲ್ಲಿ ಕಲೆ, ಎಲ್ಲಿ ಮೋಸ ಎಂಬ ಗೆರೆಯನ್ನು ತಂತ್ರಾಂಶ ಎಳೆದುಕೊಡುವುದಿಲ್ಲ. ಜಾಹೀರಾತಿನಲ್ಲಿ ರೂಪದರ್ಶಿಗಳ ಮೈಕಟ್ಟು ತಿದ್ದಿದ್ದರೆ ಹಾಗೆಂದು ನಮೂದಿಸಬೇಕೆಂಬ ನಿಯಮ ಫ್ರಾನ್ಸ್‌ನಲ್ಲಿ 2017ರಲ್ಲಿ ಬಂತು; ಇಂಥದ್ದೇ ಕಾನೂನು ನಾರ್ವೆಯಲ್ಲಿ 2022ರಲ್ಲಿ ಜಾರಿಯಾಯಿತು. ನಮ್ಮ ಮನೆಯ ಫೋಟೊಗಳಿಗೆ ಅಂಥ ಕಾನೂನು ಬರುವವರೆಗೆ ಕಾಯಬೇಕಿಲ್ಲ. ನಾನು ಮೂರು ನಿಯಮ ಹಾಕಿಕೊಂಡಿದ್ದೇನೆ. ಮೂಲ ಲೇಯರ್ ಅಳಿಸುವುದಿಲ್ಲ. ಜೆಪೆಗ್ ಮಾಡಿದರೆ ಪದರಗಳೆಲ್ಲ ಒಂದಾಗಿಬಿಡುತ್ತವೆ, ಅದಕ್ಕೇ ಪದರಗಳಿರುವ ಫೈಲನ್ನೂ ಉಳಿಸಿಕೊಳ್ಳುತ್ತೇನೆ. ಫೋಟೊದಲ್ಲಿ ಇರುವವರನ್ನು ಕೇಳದೆ ಅವರ ಮುಖ ಮುಟ್ಟುವುದಿಲ್ಲ. ನೋಡುವವರು ನಿಜವೆಂದು ನಂಬುವ ಕಡೆ, ಅದು ರೆಸ್ಯೂಮೆ ಇರಲಿ, ಸುದ್ದಿ ಇರಲಿ, ಇದ್ದದ್ದನ್ನು ಬದಲಿಸುವುದಿಲ್ಲ.

ಕಳೆದ ತಿಂಗಳು ಅಕ್ಕ ತಾನೇ ಒಂದು ಫೋಟೊ ಆರಿಸಿ ಕಳಿಸಿದಳು. ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದು, ಗೋಡೆಯೆಲ್ಲ ಹಸಿರು ಹಸಿರು. ‘ಬೆಳಕು ಸರಿ ಮಾಡು. ನನ್ನ ಬಣ್ಣ ನನ್ನದೇ ಇರಲಿ’ ಎಂದಿದ್ದಳು. ಗೋಡೆ ಮತ್ತೆ ಬಿಳಿಯಾಗುವವರೆಗೆ ಸರಿಮಾಡಿದೆ. ಅಕ್ಕ ಅಕ್ಕನಂತೆಯೇ ಕಂಡಳು. ಕಳಿಸುವ ಮೊದಲು ಅವಳಿಗೆ ತೋರಿಸಿದೆ.