ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆ ಎಣಿಸಬಾರದೆಂಬುದು ನಮ್ಮ ಹಿರಿಯರ ಮಾತು. ಅತಿಥಿಗೆ ಇದು ಸಲ್ಲುವ ನೀತಿ. ಕಂಪೆನಿಯ ಲೆಕ್ಕಪರಿಶೋಧಕರಿಗೆ ಸಲ್ಲದು. ಜಂತೆ ಎಣಿಸುವುದಕ್ಕೆಂದೇ ಅವರಿಗೆ ಷೇರುದಾರರ ಹಣದಿಂದ ಸಂಭಾವನೆ ದೊರೆಯುತ್ತದೆ. ವಾರ್ಷಿಕ ಸಭೆಗಳಲ್ಲಿ ಈ ವೆಚ್ಚವನ್ನು ಕಂಡು ಗೊಣಗುವ ಮಹಾಶಯರು ಹೈದರಾಬಾದಿನ ಸತ್ಯಂ ಕಂಪೆನಿಯ ಪ್ರಕರಣವನ್ನು ಒಮ್ಮೆ ನೆನೆಯಬೇಕೆಂದು ನಾವು ಪ್ರಾರ್ಥಿಸುತ್ತೇವೆ.

೨೦೦೮ರಲ್ಲಿ ಈ ಕಂಪೆನಿಗೆ ಉತ್ತಮ ಆಡಳಿತಕ್ಕಾಗಿ ‘ಗೋಲ್ಡನ್ ಪೀಕಾಕ್’ ಪ್ರಶಸ್ತಿ ಬಂದಿತು. ಅದರ ನಿರ್ದೇಶಕ ಮಂಡಲಿಯಲ್ಲಿ ಹೆಸರಾಂತ ವಿದ್ವಾಂಸರಿದ್ದರು. ಲೆಕ್ಕಗಳಿಗೆ ಸಹಿ ಹಾಕುತ್ತಿದ್ದುದು ಪ್ರೈಸ್ ವಾಟರ್‌ಹೌಸ್ ಸಂಸ್ಥೆ. ೨೦೦೯ರ ಜನವರಿ ೭ರಂದು ಅಧ್ಯಕ್ಷರಾದ ರಾಮಲಿಂಗರಾಜುಗಳು ತಾವಾಗಿಯೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ ೫,೩೬೧ ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕು ಶಿಲ್ಕಿನಲ್ಲಿ ೫,೦೪೦ ಕೋಟಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಬ್ಯಾಂಕಿಗೆ ನೇರವಾಗಿ ಬರೆದು ಶಿಲ್ಕನ್ನು ಖಚಿತಪಡಿಸಿಕೊಳ್ಳುವುದು ಪರಿಶೋಧನೆಯ ಮೊದಲ ಪಾಠ. ಆ ಕೆಲಸದ ಹಿಡಿತವನ್ನೇ ಪರಿಶೋಧಕರು ಬಿಟ್ಟುಕೊಟ್ಟಿದ್ದರೆಂದು ಅಮೆರಿಕದ ಷೇರುಪೇಟೆ ನಿಯಂತ್ರಕರು ೨೦೧೧ರಲ್ಲಿ ತೀರ್ಮಾನಿಸಿ ೬೦ ಲಕ್ಷ ಡಾಲರು ದಂಡ ವಿಧಿಸಿದರು.

ಈ ಪ್ರಕರಣಕ್ಕೆ ಇನ್ನೊಂದು ಮಗ್ಗುಲುಂಟು. ಅದೇ ಕುಟುಂಬದ ಮೇತಾಸ್ ಕಂಪೆನಿಯು ಮುಂದಾಳಾಗಿದ್ದ ಕೂಟಕ್ಕೆ ಆಂಧ್ರ ಸರಕಾರವು ೨೦೦೮ರಲ್ಲಿ ಹೈದರಾಬಾದ್ ಮೆಟ್ರೋ ರೈಲಿನ ಗುತ್ತಿಗೆಯನ್ನು ಕೊಟ್ಟಿತು. ರೈಲಿನೊಡನೆ ನಗರದ ಬೆಲೆಬಾಳುವ ಸರಕಾರಿ ನೆಲವೂ ವ್ಯಾಪಾರಕ್ಕೆಂದು ಅದರ ವಶಕ್ಕೆ ಹೋಗುವುದಿತ್ತು. ದೆಹಲಿ ಮೆಟ್ರೋದ ಶ್ರೀಧರನ್ನರು ಇದನ್ನು ಆಕ್ಷೇಪಿಸಿದಾಗ, ಸರಕಾರವು ಸಮಾಧಾನ ಹೇಳುವ ಬದಲು ಅವರ ಮೇಲೆಯೇ ಮುನಿಯಿತು. ಆ ವರ್ಷದ ಡಿಸೆಂಬರ್ ೧೬ರಂದು ಸತ್ಯಂ ಮಂಡಲಿಯು ೧೬೦ ಕೋಟಿ ಡಾಲರು ತೆತ್ತು ಮೇತಾಸ್ ಕಂಪೆನಿಗಳನ್ನು ವಶಕ್ಕೆ ತೆಗೆದುಕೊಳ್ಳಲು ಒಪ್ಪಿತು. ಷೇರುದಾರರ ಕೂಗೆದ್ದುದರಿಂದ ಕೆಲವೇ ಗಂಟೆಗಳಲ್ಲಿ ಹಿಂಜರಿಯಿತು. ಸುಳ್ಳು ಆಸ್ತಿಯಿದ್ದ ಕಡೆ ನಿಜವಾದ ಆಸ್ತಿಯನ್ನಿಡುವ ಕೊನೆಯ ಯತ್ನ ಅದೆಂದು ರಾಜುಗಳೇ ಬರೆದರು. ೨೦೦೯ರಲ್ಲಿ ಮೆಟ್ರೋ ಗುತ್ತಿಗೆಯೂ ರದ್ದಾಯಿತು.

ಸರಕಾರದ ಕೃಪೆಯೂ ಒಂದು ಬಗೆಯ ಆಸ್ತಿಯೇ. ಆದರೆ ಅದು ಯಾವ ಖಾತೆಯಲ್ಲಿಯೂ ಕಾಣಿಸದು. ಮಂತ್ರಿಮಂಡಲ ಬದಲಾದ ದಿನವೇ ಹೊರೆಯಾಗಬಲ್ಲದು. ಇಂತಹ ಕಂಪೆನಿಯ ಲೆಕ್ಕವನ್ನು ಪ್ರಾಮಾಣಿಕವಾಗಿ ನೋಡುವವನು ಗುತ್ತಿಗೆಯ ಷರತ್ತು, ಸರಕಾರದಿಂದ ಬರಬೇಕಾದ ಬಾಕಿ, ಬಂಧುಗಳ ಕಂಪೆನಿಗಳೊಡನೆ ನಡೆದ ವ್ಯವಹಾರ, ಕೊಟ್ಟ ವಂತಿಗೆ ಎಲ್ಲವನ್ನೂ ಶೋಧಿಸಬೇಕಾಗುತ್ತದೆ. ಅದಕ್ಕೆ ಹೆಚ್ಚು ದಿನಗಳೂ ಹೆಚ್ಚು ಜನರೂ ಬೇಕು, ಸಂಭಾವನೆಯೂ ಏರುವುದು. ಇದನ್ನು ದುಂದುವೆಚ್ಚವೆನ್ನಲಾಗದು. ಆದರೆ ಪರಿಶೋಧಕರ ನೇಮಕವು ಒಡೆಯರ ಮರ್ಜಿಯನ್ನೇ ಅವಲಂಬಿಸಿದಲ್ಲಿ, ಅದೇ ಸಂಭಾವನೆ ಮೌನದ ಬೆಲೆಯೂ ಆದೀತು.

ಸರಕಾರವು ಕೈಕಟ್ಟಿ ಕುಳಿತಿತ್ತೆಂದು ನಾವು ಹೇಳುವುದಿಲ್ಲ. ೨೦೧೩ರ ಕಾನೂನಿನಂತೆ ಷೇರುಪೇಟೆಯ ಕಂಪೆನಿಗಳಲ್ಲಿ ಒಂದೇ ಪರಿಶೋಧನಾ ಸಂಸ್ಥೆ ಸತತವಾಗಿ ಹತ್ತು ವರ್ಷಗಳಿಗೆ ಮೀರಿ ಉಳಿಯುವಂತಿಲ್ಲ. ೨೦೨೧ರಲ್ಲಿ ಷೇರುಪೇಟೆಯ ಮೊದಲ ೧,೦೦೦ ಕಂಪೆನಿಗಳಿಗೆ ಅಪಾಯ ನಿರ್ವಹಣಾ ಸಮಿತಿಯು ಕಡ್ಡಾಯವಾಯಿತು. ಆದರೆ ಇವೆರಡರ ನಡುವೆ, ೨೦೧೭ರಲ್ಲಿ, ಕಂಪೆನಿಗಳು ಪಕ್ಷಗಳಿಗೆ ಕೊಡುವ ವಂತಿಗೆಯ ಮೇಲಿದ್ದ ಲಾಭದ ಶೇಕಡಾ ೭.೫ರ ಮಿತಿಯನ್ನು ತೆಗೆದುಹಾಕಿ, ಪಕ್ಷದ ಹೆಸರನ್ನು ಲೆಕ್ಕದಲ್ಲಿ ತಿಳಿಸಬೇಕಾಗಿಲ್ಲವೆಂದೂ ವಿಧಿಸಲಾಯಿತು. ಒಂದು ಕೈಯಿಂದ ದೀಪ ಹಚ್ಚಿ ಇನ್ನೊಂದು ಕೈಯಿಂದ ಆರಿಸಿದಂತಾಯಿತು. ೨೦೨೪ರ ಫೆಬ್ರವರಿ ೧೫ರಂದು ಸುಪ್ರೀಂ ಕೋರ್ಟು ಚುನಾವಣಾ ಬಾಂಡುಗಳೊಡನೆ ಈ ತಿದ್ದುಪಡಿಗಳನ್ನೂ ಅಸಿಂಧುಗೊಳಿಸಿದುದು ದೇಶದ ಸುದೈವ.

ನಮ್ಮ ಸೂಚನೆ ಇಷ್ಟೆ. ಸರಕಾರದಿಂದ ಪಡೆದ ಗುತ್ತಿಗೆ, ನೆಲ, ರಿಯಾಯಿತಿ ಮತ್ತು ಪಕ್ಷಗಳಿಗೆ ಕೊಟ್ಟ ವಂತಿಗೆಗಳ ಪಟ್ಟಿಯನ್ನು ಅಪಾಯ ನಿರ್ವಹಣಾ ಸಮಿತಿಯು ಪ್ರತಿ ವರ್ಷವೂ ಸಿದ್ಧಪಡಿಸಿ, ಪರಿಶೋಧಕರ ಮುಂದೆಯೂ ಷೇರುದಾರರ ಮುಂದೆಯೂ ಇಡಲಿ. ಸಂಭಾವನೆಯನ್ನು ಗೊತ್ತುಮಾಡುವ ಮಾತಿನಲ್ಲಿ ಒಡೆಯರು ಕೈಹಾಕದಿರಲಿ. ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ ಹಣವನ್ನು ಕಂಪೆನಿಗಳಲ್ಲಿ ತೊಡಗಿಸಿದ ಸಾಮಾನ್ಯ ಗೃಹಸ್ಥನಿಗೆ ಬೇರೆ ಕಾವಲಿಲ್ಲ. ಜಂತೆಗೆ ಗೆದ್ದಲು ಹಿಡಿದಿದೆಯೆಂದು ಮೊದಲೇ ತಿಳಿಸಿದವನ ಕೂಲಿಯು, ಮನೆ ಕುಸಿದ ಮೇಲೆ ತೆರುವ ಬೆಲೆಯ ಮುಂದೆ ಅತ್ಯಲ್ಪವೇ ಸರಿ.